ಮಾತೆಯ ಹಾಡು ಯಾರ ಪರ?

(ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಮಹೋತ್ಸವ ಹಾಗೂ ಸ್ವಾತಂತ್ರ್ಯ ದಿನದಂದು ನೀಡಿದ ಪ್ರಬೋಧನೆ)



 ಇಂದು ನಮ್ಮ ದೇವಾಲಯದ ಅಂಗಳದಲ್ಲಿ ಎರಡು ಧ್ವಜಕಂಬಗಳಿವೆ. ಒಂದರಲ್ಲಿ ಮಾತೆಯ ಹಬ್ಬದ ಧ್ವಜ ಈಗಾಗಲೇ ಹಾರುತ್ತಿದೆ. ಇನ್ನೊಂದರಲ್ಲಿ ಪೂಜೆ ಮುಗಿದ ಕೂಡಲೇ ನಮ್ಮ ತ್ರಿವರ್ಣ ಧ್ವಜವನ್ನು ಹಾರಿಸಲಿದ್ದೇವೆ. ಮಕ್ಕಳ ಕಣ್ಣು ಆಗಲೇ ಲಾಡಿನ ಬುಟ್ಟಿಯ ಕಡೆಗೆ ಹೋಗಿದೆ. ಇರಲಿ, ಸ್ವಲ್ಪ ಹೊತ್ತು ಮಾತ್ರ ದೇವರ ವಾಕ್ಯದ ಮುಂದೆ ಶಾಂತವಾಗಿ ಕುಳಿತುಕೊಳ್ಳೋಣ.

ಇಂದಿನ ಮೊದಲನೆಯ ವಾಚನ ಪ್ರಕಟನಾ ಗ್ರಂಥದ ಹನ್ನೆರಡನೆಯ ಅಧ್ಯಾಯದ್ದು. ಅಲ್ಲಿ ನಾವು ಕಂಡದ್ದೇನು? ಒಂದು ಕಡೆ ಹೆರಿಗೆ ನೋವಿನಲ್ಲಿ ಕೂಗುತ್ತಿರುವ ಒಬ್ಬ ಸ್ತ್ರೀ. ಇನ್ನೊಂದು ಕಡೆ ಏಳು ತಲೆ, ಹತ್ತು ಕೊಂಬುಗಳ ಕೆಂಪು ಘಟಸರ್ಪ. ತನ್ನ ಬಾಲದಿಂದಲೇ ಆಕಾಶದ ನಕ್ಷತ್ರಗಳಲ್ಲಿ ಮೂರನೆಯ ಒಂದು ಪಾಲನ್ನು ಗುಡಿಸಿ ಭೂಮಿಗೆ ಎಸೆಯುವಷ್ಟು ಬಲ ಅದಕ್ಕೆ. ಆ ಸ್ತ್ರೀಯ ಕೈಯಲ್ಲಿ ಏನೂ ಇಲ್ಲ. ಕತ್ತಿಯಿಲ್ಲ, ಕೋಟೆಯಿಲ್ಲ, ಸೈನ್ಯವಿಲ್ಲ. ಹುಟ್ಟಲಿರುವ ಒಂದು ಕೂಸು ಮಾತ್ರ ಇದೆ. ಲೋಕದ ಲೆಕ್ಕದಲ್ಲಿ ಇದೊಂದು ಸ್ಪರ್ಧೆಯೇ ಅಲ್ಲ. ಆದರೆ ಘಟಸರ್ಪ ಆ ಮಗುವನ್ನು ಮುಟ್ಟಲಾಗಲಿಲ್ಲ, ಆ ಸ್ತ್ರೀಯನ್ನು ಹಿಡಿಯಲಾಗಲಿಲ್ಲ. ದೇವರು ಮಗುವನ್ನು ತಮ್ಮ ಬಳಿಗೆ ಎತ್ತಿಕೊಂಡರು. ತಾಯಿಗೆ ಅರಣ್ಯದಲ್ಲಿ ಒಂದು ಸ್ಥಳವನ್ನು ಸಿದ್ಧಮಾಡಿಟ್ಟಿದ್ದರು.

ಪ್ರಿಯರೇ, ಬಲಿಷ್ಠರ ಎದುರು ಬಲಹೀನರಾಗಿ ನಿಂತ ಅನುಭವ ನಿಮ್ಮೆಲ್ಲರಿಗೂ ಇದೆ. ಸಾಲ ಕೊಟ್ಟವರ ಮುಂದೆ, ದೊಡ್ಡ ಕಚೇರಿಯ ಮೇಜಿನ ಮುಂದೆ, ಆಸ್ಪತ್ರೆಯ ಬಿಲ್ಲಿನ ಮುಂದೆ ನಿಂತಿದ್ದೀರಿ. ಇಂದು ನಮ್ಮದೇ ಜೀವನದ ಎರಡು ಘಟನೆಗಳನ್ನು ನಿಮ್ಮ ಮುಂದೆ ಇಡಲು ಬಯಸುತ್ತೇವೆ. ಮೊದಲನೆಯದನ್ನು ಎಷ್ಟೋ ಸಾರಿ ಎಷ್ಟೋ ಕಡೆ ಹೇಳಿದ್ದೇವೆ. ಎರಡನೆಯದನ್ನು ಪೀಠದ ಮುಂದೆ ನಿಂತು ಹೇಳುತ್ತಿರುವುದು ಇದೇ ಮೊದಲು.

ಅದು 1990ರ ದಶಕದ ಮಧ್ಯಭಾಗ. ನಾವು ಕಿರಿಯ ಗುರುಮಠದಲ್ಲಿದ್ದ ಹುಡುಗರು. ಎಲ್ಲರಿಗೂ ಹದಿನಾಲ್ಕು, ಹದಿನೈದು ವರ್ಷ. ಸಂಜೆಯಾದರೆ ಕೈತೋಟಕ್ಕೆ ನೀರು ಹಾಕುವುದು, ಆಮೇಲೆ ಉಳಿದ ಅರ್ಧ ಗಂಟೆ ಕಬಡ್ಡಿ. ಚೆಂಡು ಬೇಡ, ಬ್ಯಾಟು ಬೇಡ, ಒಂದು ಹಿಡಿ ಸುಣ್ಣ ಇದ್ದರೆ ಅಂಕಣ ಸಿದ್ಧ. ಆ ವರ್ಷದ ಆಗಸ್ಟ್ 15ರಂದು ಹತ್ತಿರದ ಪಟ್ಟಣದಲ್ಲಿ ಸ್ವಾತಂತ್ರ್ಯ ದಿನದ ಕಬಡ್ಡಿ ಪಂದ್ಯಾವಳಿ ಇತ್ತು. ತೂಕದ ಕಟ್ಟುಪಾಡಿಲ್ಲದ ಮುಕ್ತ ಪಂದ್ಯ. ಹಬ್ಬದ ಪೂಜೆ ಮುಗಿಸಿ, ಧ್ವಜವಂದನೆ ಮಾಡಿ, ನಮ್ಮ ಅಡುಗೆಯಣ್ಣನ ಜೊತೆಯಲ್ಲಿ ಒಂದು ಟೆಂಪೋ ಹತ್ತಿ ಹೋದೆವು.

ಮೊದಲ ಪಂದ್ಯದಲ್ಲೇ ನಮಗೆ ಎದುರಾದದ್ದು ಆ ಊರಿನ ದೊಡ್ಡ ತಂಡ. ಎಲ್ಲರೂ ಬೆಳೆದ ಗಂಡಸರು. ಅವರ ಮುಖ್ಯ ದಾಳಿಗಾರ ಆರಡಿ ಎತ್ತರದ ಆಳು; ಅಕ್ಕಿ ಮಂಡಿಯಲ್ಲಿ ಮೂಟೆ ಹೊತ್ತು ಹೊತ್ತು ಕಲ್ಲಾದ ತೋಳು. ನಮ್ಮಲ್ಲಿ ಇಬ್ಬರನ್ನು ಕಟ್ಟಿ ತೂಗಿದರೂ ಅವರೊಬ್ಬರ ತೂಕ ಬರುತ್ತಿತ್ತೋ ಇಲ್ಲವೋ! ನಾವು ಅಂಕಣಕ್ಕೆ ಇಳಿದಾಗ ಸುತ್ತ ನಿಂತವರಲ್ಲಿ ಯಾರೋ ಒಬ್ಬರು, "ಫಾದರ್ ಮಕ್ಕಳು ಕಣ್ರೋ, ಮೆತ್ತಗೆ ಹಿಡೀರಿ, ಮುರಿದು ಹೋದಾವು" ಎಂದರು. ಮೈದಾನವೆಲ್ಲ ಗೊಳ್ಳೆಂದು ನಕ್ಕಿತು. ಆ ನಗು ಮಂಡಿಯ ಗಾಯಕ್ಕಿಂತ ಹೆಚ್ಚು ಉರಿಯಿತು. ಈ ನಗುವನ್ನು ನೀವು ದಯವಿಟ್ಟು ನೆನಪಿನಲ್ಲಿಡಿ.

ಮೊದಲ ಅವಧಿ ಮುಗಿದಾಗ ಅವರಿಗೆ 14 ಅಂಕ, ನಮಗೆ 6. ಆ ದಾಳಿಗಾರ ಬಂದಾಗಲೆಲ್ಲ ನಮ್ಮಲ್ಲಿ ಒಬ್ಬ ಶೂರನಂತೆ ಮುನ್ನುಗ್ಗಿ ಅವರ ಸೊಂಟಕ್ಕೆ ಬೀಳುತ್ತಿದ್ದ. ಅವರು ಮೈಮೇಲಿನ ಟವೆಲ್ ಕೊಡವಿದಂತೆ ಕೊಡವಿ ಮಧ್ಯಗೆರೆ ಮುಟ್ಟುತ್ತಿದ್ದರು. ವಿರಾಮದಲ್ಲಿ ನಾವು ತಲೆ ತಗ್ಗಿಸಿ ಕುಳಿತಿದ್ದೆವು. ಅಡುಗೆಯಣ್ಣ ನೀರಿನ ಕ್ಯಾನು ಹಿಡಿದು ಬಂದರು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವರಲ್ಲ. ಅವರು ಹೇಳಿದ್ದು ಇಷ್ಟೇ: "ಅವರಾಟ ನೀವ್ಯಾಕೆ ಆಡ್ತೀರಿ? ಒಬ್ಬೊಬ್ರೇ ಹೋದ್ರೆ ಒಬ್ಬೊಬ್ರೇ ಸಾಯ್ತೀರಿ. ಕೈ ಹಿಡ್ಕೊಳ್ಳಿ. ಕೈ ಬಿಡಬ್ಯಾಡಿ."

ಎರಡನೆಯ ಅವಧಿಯಲ್ಲಿ ನಾವು ಕೈಗೆ ಕೈ ಕೊಟ್ಟು ಸರಪಳಿ ಕಟ್ಟಿದೆವು. ಆ ದೊಡ್ಡ ಆಳು ಒಳಗೆ ಬರುವವರೆಗೆ ಹಿಂದೆ ಹಿಂದೆ ಸರಿದೆವು. ಅವರು ಮೂಲೆಗೆ ತಿರುಗಿದ ಕ್ಷಣ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನು ಅವರ ಕಣಕಾಲನ್ನು ತಬ್ಬಿಕೊಂಡ. ಉಳಿದವರು ಸರಪಳಿಯಾಗಿ ಅವರ ಮೇಲೆ ಮುಚ್ಚಿಕೊಂಡೆವು. ಅವರ ಉಸಿರು ಮುಗಿಯಿತು. ಮೈದಾನ ಒಂದು ಕ್ಷಣ ಸ್ತಬ್ಧವಾಯಿತು. ಆಮೇಲೆ ನಕ್ಕವರೇ ಚಪ್ಪಾಳೆ ತಟ್ಟಿದರು. ಪಂದ್ಯ ಮುಗಿದಾಗ ನಮಗೆ 22, ಅವರಿಗೆ 21. ಒಂದೇ ಒಂದು ಅಂಕ!

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಪಂದ್ಯ ಮುಗಿದ ಮೇಲೆ ಆ ದೊಡ್ಡ ದಾಳಿಗಾರ ನಮ್ಮ ಕಡೆಗೆ ನಡೆದು ಬಂದರು. ಹೊಡೆಯುತ್ತಾರೆಂದು ನಾವು ಹೆದರಿದೆವು. ಅವರು ತಮ್ಮ ಕಾಲು ಹಿಡಿದಿದ್ದ ಚಿಕ್ಕವನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ನನ್ನ ಮಂಡಿ ನಿನ್ನ ಎದೆಗೆ ತಾಗಿತೇನಪ್ಪ? ನೋವಾಯ್ತಾ?" ಎಂದು ಕೇಳಿದರು. ಸೋತವರು ಗೆದ್ದವನ ನೋವು ವಿಚಾರಿಸಿದರು. ಗೆದ್ದ ನಾವು ಏನು ಮಾಡಿದೆವು ಗೊತ್ತೇ? ಹಿಂದಿರುಗುವಾಗ ಟೆಂಪೋದಲ್ಲಿ ದಾರಿಯುದ್ದಕ್ಕೂ ಅವರನ್ನು ಅಣಕಿಸಿ ನಕ್ಕೆವು. ಮರುವರ್ಷ ಅದೇ ಮೈದಾನದಲ್ಲಿ ನಮಗಿಂತ ಚಿಕ್ಕವರಾದ ಒಂದು ಹಾಸ್ಟೆಲಿನ ಮಕ್ಕಳು ಎದುರಾದಾಗ ಅವರ ಮುಖ ನೋಡಿಯೂ ನಕ್ಕೆವು.

ಈಗ ಮಕ್ಕಳು ಟಿವಿಯಲ್ಲಿ ಪ್ರೊ ಕಬಡ್ಡಿ ನೋಡುತ್ತೀರಿ. 2014ರಲ್ಲಿ ಆರಂಭವಾದ ಆ ಪಂದ್ಯಾವಳಿಯಲ್ಲಿ 'ಸೂಪರ್ ಟ್ಯಾಕಲ್' ಎಂಬ ನಿಯಮ ಇದೆ. ಅದೇನು ಎಂದು ಮುಂದಿನ ಸಾಲಿನ ಹುಡುಗರಿಗೆ ಚೆನ್ನಾಗಿ ಗೊತ್ತು. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಆಟಗಾರರು ಉಳಿದಿರುವಾಗ ಎದುರಾಳಿಯ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಕಡಿಮೆ ಜನ ಉಳಿದವರ ಶ್ರಮಕ್ಕೆ ಹೆಚ್ಚು ಬೆಲೆ! ಮನುಷ್ಯರು ಆಟಕ್ಕೆ ಮಾಡಿದ ನಿಯಮದಲ್ಲೇ ಇಷ್ಟು ನ್ಯಾಯವಿದ್ದರೆ, ದೇವರ ರಾಜ್ಯದಲ್ಲಿ ಎಷ್ಟಿರಬೇಡ? ಕಾಣಿಕೆ ಪೆಟ್ಟಿಗೆಗೆ ಎರಡು ಪುಟ್ಟ ನಾಣ್ಯ ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಪ್ರಭು ಯೇಸು ಹೇಳಿದ್ದನ್ನು ನೆನಪಿಸಿಕೊಳ್ಳಿ.

ಪ್ರಿಯ ಭಕ್ತರೇ, ಈ ಕಬಡ್ಡಿ ಕಥೆಯನ್ನು ನಾವು ಹೇಳುವಾಗಲೆಲ್ಲ ದಾವೀದ ಮತ್ತು ಗೊಲ್ಯಾತರ ಕಥೆಯನ್ನು ಜೋಡಿಸುತ್ತಿದ್ದೆವು. ಸಮುವೇಲನ ಮೊದಲನೆಯ ಗ್ರಂಥದ ಹದಿನೇಳನೆಯ ಅಧ್ಯಾಯದಲ್ಲಿ ಗೊಲ್ಯಾತನ ಎತ್ತರ ಆರು ಮೊಳ ಒಂದು ಗೇಣು ಎಂದಿದೆ. ಅವನ ಕಂಚಿನ ಕವಚದ ತೂಕವೇ ಐದು ಸಾವಿರ ಶೆಕೆಲ್, ಅಂದರೆ ಐವತ್ತು ಕಿಲೋಗೂ ಹೆಚ್ಚು. ಸೌಲ ರಾಜ ತನ್ನ ಕವಚವನ್ನು ದಾವೀದನಿಗೆ ತೊಡಿಸಿದ. ಅದನ್ನು ತೊಟ್ಟು ಹುಡುಗನಿಗೆ ನಡೆಯಲೂ ಆಗಲಿಲ್ಲ. ಅವನು ಅದನ್ನು ಕಳಚಿಟ್ಟು, ಹಳ್ಳದಿಂದ ಐದು ನುಣುಪು ಕಲ್ಲುಗಳನ್ನು ಆರಿಸಿಕೊಂಡು ಹೋದ. ಬಲಿಷ್ಠರ ಆಯುಧ ನಮಗೆ ಬೇಡ, ಅವರ ಆಟ ನಮಗೆ ಬೇಡ. ನಮ್ಮ ಅಡುಗೆಯಣ್ಣ ಹೇಳಿದ್ದೂ ಅದನ್ನೇ ಅಲ್ಲವೇ?

ಇಷ್ಟಕ್ಕೆ ನಾವು ಪ್ರಬೋಧನೆ ಮುಗಿಸುತ್ತಿದ್ದೆವು. ಎಲ್ಲರೂ ಸಂತೋಷದಿಂದ ಮನೆಗೆ ಹೋಗುತ್ತಿದ್ದರು. ಆದರೆ ದಾವೀದನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪವಿತ್ರ ಗ್ರಂಥದ ಪುಟಗಳನ್ನು ಇನ್ನಷ್ಟು ತಿರುವಿದರೆ, ಸಮುವೇಲನ ಎರಡನೆಯ ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಅದೇ ದಾವೀದ ಅರಮನೆಯ ಮಾಳಿಗೆಯ ಮೇಲೆ ನಿಂತಿದ್ದಾನೆ. ಈಗ ಅವನಿಗೆ ಕವಚವಿದೆ, ಸೈನ್ಯವಿದೆ, ಸಿಂಹಾಸನವಿದೆ. ತನ್ನ ನಿಷ್ಠಾವಂತ ಸೈನಿಕ ಊರೀಯನ ಹೆಂಡತಿಯನ್ನು ಕಿತ್ತುಕೊಂಡು, ಆ ಊರೀಯನನ್ನೇ ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದ. ಗೊಲ್ಯಾತನನ್ನು ಬೀಳಿಸಿದವನೇ ಗೊಲ್ಯಾತನಾದ. ಪ್ರವಾದಿ ನಾತಾನ ಬಂದು, ನೂರಾರು ಕುರಿಗಳಿದ್ದ ಸಾಹುಕಾರನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಕಥೆ ಹೇಳಿದಾಗ ದಾವೀದನಿಗೆ ಕಡುಕೋಪ ಬಂತು. ಆ ಸಾಹುಕಾರ ತಾನೇ ಎಂಬುದು ಮಾತ್ರ ನಾತಾನ ಬೊಟ್ಟು ಮಾಡಿ ತೋರಿಸುವವರೆಗೆ ಅವನಿಗೆ ಹೊಳೆಯಲಿಲ್ಲ.

ನಮಗೂ ಹೊಳೆಯಲಿಲ್ಲ, ಪ್ರಿಯರೇ. ಅದೇ ನಾವು ಹೇಳಬೇಕೆಂದಿದ್ದ ಎರಡನೆಯ ಘಟನೆ.

ಸುಮಾರು ಹತ್ತು ವರ್ಷಗಳ ಹಿಂದೆ ನಾವು ಇನ್ನೊಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆವು. ದೇವಾಲಯದ ಜಮೀನಿಗೆ ಸುತ್ತುಗೋಡೆ ಇರಲಿಲ್ಲ. ದನಕರುಗಳು ಹೂದೋಟಕ್ಕೆ ನುಗ್ಗುತ್ತಿದ್ದವು, ರಾತ್ರಿ ಕುಡಿದವರು ಗವಿಯ ಮುಂದೆ ಬಂದು ಮಲಗುತ್ತಿದ್ದರು. ಗೋಡೆ ಬೇಕೆಂದು ಎಲ್ಲರೂ ಕೇಳಿದರು. ನ್ಯಾಯವಾದ ಬೇಡಿಕೆ. ದಾನಿಗಳು ಮುಂದೆ ಬಂದರು, ಸರ್ವೆಯವರು ಬಂದು ಅಳತೆ ಮಾಡಿದರು, ಕಲ್ಲು ಬಂದು ಬಿತ್ತು. ಅಳತೆಯಲ್ಲಿ ಒಂದು ವಿಷಯ ಗೊತ್ತಾಯಿತು. ದೇವಾಲಯದ ಹಿಂಭಾಗದಲ್ಲಿ ವಾಸವಿದ್ದ ಒಬ್ಬ ವಿಧವೆ ಅಜ್ಜಿಯ ಮನೆಗೆ ಹೋಗುವ ಕಾಲುದಾರಿ ನಮ್ಮ ಜಮೀನಿನೊಳಗೇ ಇತ್ತು. ಗೋಡೆ ಎದ್ದರೆ ದಾರಿ ಮುಚ್ಚುತ್ತದೆ. ಇನ್ನೂರು ಹೆಜ್ಜೆಗೆ ರಸ್ತೆ ಸೇರುತ್ತಿದ್ದ ಅವರು ಕಾಲುವೆ ದಾಟಿ, ಗದ್ದೆಯ ಬದುವಿನ ಮೇಲೆ ಒಂದು ಕಿಲೋಮೀಟರ್ ಸುತ್ತಿ ಬರಬೇಕು. ಒಂದು ಹಸು ಕಟ್ಟಿಕೊಂಡು ಹಾಲು ಮಾರಿ ಬದುಕುತ್ತಿದ್ದವರು. ನಮ್ಮ ಗುರುನಿವಾಸಕ್ಕೂ ಪ್ರತಿದಿನ ಬೆಳಗ್ಗೆ ಆರು ಗಂಟೆಗೆ ಅದೇ ದಾರಿಯಲ್ಲಿ ಹಾಲು ತರುತ್ತಿದ್ದರು.

ಪಾಲನಾ ಸಮಿತಿಯ ಸಭೆಗೆ ಅವರನ್ನು ಕರೆಸಿದೆವು. ಯೋಚಿಸಿ ನೋಡಿ. ಮೇಜಿನ ಈ ಕಡೆ ಧರ್ಮಕೇಂದ್ರದ ಗುರುಗಳು, ಹನ್ನೆರಡು ಸದಸ್ಯರು, ಸರ್ವೆ ನಕ್ಷೆ, ವಕೀಲರ ಅಭಿಪ್ರಾಯ. ಆ ಕಡೆ ಸೆರಗಿನ ತುದಿ ಹಿಡಿದು ನಿಂತ ಒಬ್ಬ ಅಜ್ಜಿ. ಕುಳಿತುಕೊಳ್ಳಿ ಎಂದು ಹೇಳಲೂ ನಮಗೆ ನೆನಪಾಗಲಿಲ್ಲ. "ಅಮ್ಮ, ದಾರಿ ನಿಮ್ಮದೆನ್ನುವುದಕ್ಕೆ ಕಾಗದ ಪತ್ರ ಏನಾದರೂ ಇದೆಯೇ?" ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆ ಹೇಳಿದರು: "ಗ್ವಾಡೆ ಕಟ್ಕಳಿ ಸ್ವಾಮಿ, ಬ್ಯಾಡ ಅನ್ನಾಕಿಲ್ಲ. ನಮ್ಮ ಯಜಮಾನ್ರ ಹೆಣ ಇದೇ ದಾರೀಲಿ ಗುಡಿಗೆ ಬಂತು. ನನ್ನ ಹೆಣ ಯಾವ ಕಡೆಯಿಂದ ಬರ್ಬೇಕು ಅನ್ನೋದೊಂದು ಹೇಳ್ಬುಡಿ."

ಸಭೆಯಲ್ಲಿ ಒಬ್ಬರು, "ಅಷ್ಟೊತ್ತಿಗೆ ಹೆಲಿಕಾಪ್ಟರ್ ಬರುತ್ತೆ ಬಿಡಜ್ಜಿ" ಎಂದರು. ಎಲ್ಲರೂ ನಕ್ಕರು. ಪ್ರಿಯರೇ, ನಾವೂ ನಕ್ಕೆವು. ಅಜ್ಜಿ ಕೈಮುಗಿದು ಹೊರಟುಹೋದರು.

ಅಂದು ಸಂಜೆ ದೇವಾಲಯದಲ್ಲಿ ಒಬ್ಬರೇ ಕುಳಿತು ಸಂಧ್ಯಾಪ್ರಾರ್ಥನೆ ಮಾಡುತ್ತಿದ್ದೆವು. ಧರ್ಮಸಭೆಯ ಸಂಧ್ಯಾಪ್ರಾರ್ಥನೆಯಲ್ಲಿ ಮಾತೆ ಮರಿಯಮ್ಮನವರ ಸ್ತುತಿಗೀತೆ ಪ್ರತಿದಿನವೂ ಬರುತ್ತದೆ. ಇಂದಿನ ಶುಭಸಂದೇಶದಲ್ಲಿ ನೀವು ಕೇಳಿದ ಹಾಡೇ ಅದು. ದೇವರು ಬಲಿಷ್ಠರನ್ನು ಗದ್ದುಗೆಯಿಂದ ಕೆಳಗಿಳಿಸಿ ದೀನರನ್ನು ಮೇಲಕ್ಕೆತ್ತುತ್ತಾರೆ, ಹಸಿದವರನ್ನು ತೃಪ್ತಿಪಡಿಸಿ ಸಿರಿವಂತರನ್ನು ಬರಿಗೈಯಲ್ಲಿ ಕಳುಹಿಸುತ್ತಾರೆ ಎಂದು ಮಾತೆ ಹಾಡುತ್ತಾರೆ. ಗುರುಮಠ ಸೇರಿದಂದಿನಿಂದ ಆ ಸಾಲುಗಳನ್ನು ಸಾವಿರಾರು ಸಾರಿ ಹೇಳಿದ್ದೆವು. ಹೇಳುವಾಗಲೆಲ್ಲ ನಾವು ದೀನರ ಸಾಲಿನಲ್ಲೇ ನಿಂತಿದ್ದೇವೆ ಎಂದುಕೊಂಡಿದ್ದೆವು. ಬಡ ಕುಟುಂಬದಿಂದ ಬಂದವರಲ್ಲವೇ? ಮೈದಾನದಲ್ಲಿ ಎಲ್ಲರೂ ನಕ್ಕ ಹುಡುಗರಲ್ಲವೇ? ಅಂದು ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು. ಸಭೆಯ ನಗು ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ನಾವು ಮೊದಲೇ ಎಲ್ಲೋ ಕೇಳಿದ್ದೆವು. ಅದು ಕಬಡ್ಡಿ ಮೈದಾನದ ನಗುವೇ. ಈ ಸಾರಿ ನಕ್ಕವರು ನಾವು.

ಮರುದಿನ ವಕೀಲರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: ಆ ಅಜ್ಜಿಗೆ ನಿಜವಾಗಿ ಯಾವ ಹಕ್ಕೂ ಇಲ್ಲವೇ? ಅವರು ಸ್ವಲ್ಪ ತಡೆದು ಹೇಳಿದರು: ಒಂದು ದಾರಿಯಲ್ಲಿ ಇಪ್ಪತ್ತು ವರ್ಷ ಬಹಿರಂಗವಾಗಿ, ಯಾರ ತಡೆಯೂ ಇಲ್ಲದೆ, ತಮ್ಮ ಹಕ್ಕೆಂದು ನಡೆದುಬಂದವರಿಗೆ ನಮ್ಮ ದೇಶದ ಕಾನೂನಿನಲ್ಲೂ ಹಕ್ಕು ಹುಟ್ಟುತ್ತದೆ, ಆದರೆ ಅವರು ಕೋರ್ಟಿಗೆ ಹೋಗಲಾರರಲ್ಲ, ಫಾದರ್! ಹೌದು, ಅವರು ಕೋರ್ಟಿಗೆ ಹೋಗಲಾರರು. ನಮ್ಮ ಇಡೀ ಧೈರ್ಯ ನಿಂತಿದ್ದದ್ದು ಸತ್ಯದ ಮೇಲಲ್ಲ, ಆ ಅಜ್ಜಿಯ ಬಡತನದ ಮೇಲೆ.

ಮತ್ತೆ ಸಭೆ ಕರೆದೆವು. ಸುಲಭವಾಗಲಿಲ್ಲ. "ಇಂದು ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಮಂದಿ ಕೇಳುತ್ತಾರೆ" ಎಂದರು. "ನಕ್ಷೆಯಲ್ಲಿ ನಮ್ಮದೇ ಇದೆಯಲ್ಲ" ಎಂದರು. ಕೆಲವರು ನಮ್ಮ ಮೇಲೆ ಬೇಸರಗೊಂಡರು, ಒಬ್ಬ ದಾನಿ ಹಣವನ್ನು ಹಿಂದಕ್ಕೆ ಕೇಳಿದರು. ನಾಲ್ಕು ತಿಂಗಳು ಕೆಲಸ ನಿಂತಿತು. ಕಡೆಗೆ ಗೋಡೆ ಎದ್ದಿತು, ಹಿಂಭಾಗದಲ್ಲಿ ಮೂರು ಅಡಿ ಅಗಲದ ಒಂದು ಕಿರುಬಾಗಿಲು ಉಳಿಯಿತು. ನಾವು ಅಜ್ಜಿಯ ಮನೆಗೆ ಹೋಗಿ ಕ್ಷಮೆ ಕೇಳಿದೆವು. ದಾರಿ ಬಿಟ್ಟಿದ್ದೇವೆ ಎಂದೂ ಹೇಳಿದೆವು. ಅವರು ಹಸುವಿಗೆ ಹುಲ್ಲು ಹಾಕುತ್ತಲೇ, "ಅದು ಮೊದ್ಲೂ ಇತ್ತಲ್ಲ ಸ್ವಾಮಿ" ಎಂದರು. ಅಷ್ಟೇ. ಉಪಕಾರ ಮಾಡಿದೆವೆಂಬ ನಮ್ಮ ಹೆಮ್ಮೆಯೂ ಅಲ್ಲಿಗೆ ಇಳಿಯಿತು.

ಮೂರು ವರ್ಷಗಳ ನಂತರ ಅವರು ಪ್ರಭುವಿನಲ್ಲಿ ನಿದ್ರೆಹೋದರು. ಶವಪೆಟ್ಟಿಗೆ ಆ ದಾರಿಯಲ್ಲೇ ಬಂತು. ಹೊತ್ತವರು ಆ ಕಿರುಬಾಗಿಲಿನ ಮುಂದೆ ನಿಂತರು. ಮೂರು ಅಡಿಯಲ್ಲಿ ಪೆಟ್ಟಿಗೆ ಹಿಡಿಯುತ್ತದೆ, ಅಕ್ಕಪಕ್ಕದಲ್ಲಿ ಹೊತ್ತವರು ಹಿಡಿಯುವುದಿಲ್ಲ. ಪೆಟ್ಟಿಗೆಯನ್ನು ಕೆಳಗಿಟ್ಟು, ಮುಂದಿನಿಂದ ಇಬ್ಬರು, ಹಿಂದಿನಿಂದ ಇಬ್ಬರು ನೂಕಿ ದಾಟಿಸಬೇಕಾಯಿತು. ಪೂಜಾವಸ್ತ್ರ ಧರಿಸಿ ತೀರ್ಥ ಹಿಡಿದು ನಿಂತಿದ್ದ ನಾವು ಅದನ್ನು ನೋಡಿದೆವು. ಅಜ್ಜಿ ಅಂದು ಕೇಳಿದ್ದು ತಮ್ಮ ಹೆಣ ಬರುವ ದಾರಿಯನ್ನೇ. ಅದನ್ನು ಕೇಳಿಸಿಕೊಂಡೂ ನಾವು ಅಳೆದು ಅಳೆದು ಮೂರೇ ಅಡಿ ಬಿಟ್ಟಿದ್ದೆವು. ನಮ್ಮ ಪಶ್ಚಾತ್ತಾಪದ ಅಗಲವೂ ಮೂರೇ ಅಡಿ. ಮರುವಾರ ಗೋಡೆ ಒಡೆಸಿ ಬಾಗಿಲನ್ನು ಆರು ಅಡಿ ಮಾಡಿಸಿದೆವು. ಆದರೆ ಅಜ್ಜಿಯ ಪಾಲಿಗೆ ಅದು ತಡವಾಗಿತ್ತು.

ಸಹೋದರ ಸಹೋದರಿಯರೇ, ಇಂದಿನ ಹಬ್ಬದ ಅರ್ಥವನ್ನು ನಾವು ಸರಿಯಾಗಿ ತಿಳಿದುಕೊಂಡದ್ದು ಆ ಬಾಗಿಲಿನ ಮುಂದೆಯೇ. 1950ರ ನವೆಂಬರ್ 1ರಂದು ಪೋಪ್ ಹನ್ನೆರಡನೇ ಪಿಯುಸ್ ಅವರು ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಘೋಷಿಸಿದರು. ಮಾತೆಯು ತಮ್ಮ ಇಹಲೋಕದ ಜೀವನವನ್ನು ಮುಗಿಸಿದ ಮೇಲೆ ಆತ್ಮ ಶರೀರ ಸಮೇತವಾಗಿ ಸ್ವರ್ಗದ ಮಹಿಮೆಗೆ ಸ್ವೀಕರಿಸಲ್ಪಟ್ಟರು ಎಂಬುದೇ ಆ ಸತ್ಯ. ಎರಡನೆಯ ಮಹಾಯುದ್ಧ ಮುಗಿದು ಆಗಿನ್ನೂ ಐದು ವರ್ಷ. ಕೋಟಿಗಟ್ಟಲೆ ಮನುಷ್ಯರ ದೇಹಗಳನ್ನು ಬಲಿಷ್ಠರು ಸೌದೆಯಂತೆ ಸುಟ್ಟು, ಕಸದಂತೆ ಹೂತುಹಾಕಿದ ಕಾಲದ ಬೆನ್ನಿಗೇ ಧರ್ಮಸಭೆ ಲೋಕಕ್ಕೆ ಸಾರಿತು: ದೇವರು ಒಬ್ಬ ಬಡ ಹೆಣ್ಣುಮಗಳ ದೇಹವನ್ನು ಮಹಿಮೆಗೆ ಎತ್ತಿಕೊಂಡಿದ್ದಾರೆ.

ಆ ದೇಹ ಯಾವುದು? ನಜರೇತಿನ ಬಾವಿಯಿಂದ ನೀರು ಹೊತ್ತ ಸೊಂಟ, ಹಿಟ್ಟು ನಾದಿದ ಕೈ. ಗಲಿಲೇಯದಿಂದ ಯೂದಾಯದ ಗುಡ್ಡನಾಡಿಗೆ, ನೂರು ಕಿಲೋಮೀಟರ್‌ಗೂ ಹೆಚ್ಚು ದೂರ ಎಲಿಜಬೇತಮ್ಮನ ಸೇವೆಗೆಂದು ಅವಸರದಿಂದ ಹೋದ ಕಾಲುಗಳು. ಮಾತೆಯ ಕಾಲದಲ್ಲಿ ಯೂದಾಯದಲ್ಲಿ ಹೆರೋದ ರಾಜ, ರೋಮಿನಲ್ಲಿ ಚಕ್ರವರ್ತಿ ಔಗುಸ್ತ. ಅವರ ಅರಮನೆಗಳ ಲೆಕ್ಕದಲ್ಲಿ ಮರಿಯಮ್ಮ ಯಾರು? ಯಾರೂ ಅಲ್ಲ. ಆದರೆ ಅವರ ಕೋಟೆಗಳು ಇಂದು ಪಾಳುಬಿದ್ದಿವೆ, ಆ ಬಡ ಹುಡುಗಿಯ ಹಾಡು ಮಾತ್ರ ಪ್ರತಿ ಸಂಜೆ ಲೋಕದ ಮೂಲೆ ಮೂಲೆಯಲ್ಲಿ ಕೇಳುತ್ತಿದೆ.

ಇಲ್ಲಿ ನಾವು ಗಮನಿಸಬೇಕಾದದ್ದೊಂದಿದೆ. ಮಾತೆ ಹಾಡಿದ್ದು ಬಲಿಷ್ಠರ ಮೇಲಿನ ಹಗೆಯಿಂದಲ್ಲ. ದೊಡ್ಡವರಾಗಿರುವುದೇ ಪಾಪವೆಂದು ಅವರು ಹೇಳಲಿಲ್ಲ. ಆ ಕಬಡ್ಡಿ ದಾಳಿಗಾರರನ್ನು ನೆನಪಿಸಿಕೊಳ್ಳಿ. ಬಲವಿದ್ದೂ ಕುಕ್ಕರಗಾಲಲ್ಲಿ ಕುಳಿತು, ಚಿಕ್ಕವನ ಕಣ್ಣಿನ ಮಟ್ಟಕ್ಕೆ ಬಂದು, ನೋವಾಯಿತೇ ಎಂದು ಕೇಳಿದರಲ್ಲ? ಅಂಥವರನ್ನು ದೇವರು ಗದ್ದುಗೆಯಿಂದ ಇಳಿಸಬೇಕಾಗಿಲ್ಲ, ಅವರಾಗಿಯೇ ಇಳಿದಿದ್ದಾರೆ. ದೇವಪುತ್ರರೇ ಹಾಗೆ ಇಳಿದು ಬಂದವರು. ಕಡೆಯ ಭೋಜನದಲ್ಲಿ ಶಿಷ್ಯರ ಕಾಲಿನ ಮಟ್ಟಕ್ಕೆ ಬಗ್ಗಿದವರು. ನಾವು ಸಣ್ಣವರಾಗಿದ್ದಾಗ ದೇವರು ನಮ್ಮ ಪಕ್ಕದಲ್ಲಿರುತ್ತಾರೆ. ನಾವು ದೊಡ್ಡವರಾದ ಮೇಲೂ ದೇವರು ಸಣ್ಣವರ ಪಕ್ಕದಲ್ಲೇ ಇರುತ್ತಾರೆ. ದೇವರು ಜಾಗ ಬದಲಿಸುವುದಿಲ್ಲ, ಜಾಗ ಬದಲಿಸುವವರು ನಾವು.

ಇಂದು ನಮ್ಮ ದೇಶ ಸ್ವತಂತ್ರವಾದ ದಿನ. 1930ರ ಮಾರ್ಚ್ 12ರಂದು ಗಾಂಧೀಜಿಯವರು 78 ಮಂದಿ ಸಂಗಡಿಗರೊಂದಿಗೆ ಸಾಬರಮತಿಯಿಂದ ದಂಡಿಗೆ ನಡೆದು ಹೊರಟರು. ಏಪ್ರಿಲ್ 6ರಂದು ಕಡಲ ತೀರದಲ್ಲಿ ಬಾಗಿ ಹಿಡಿ ಉಪ್ಪನ್ನು ಎತ್ತಿದರು. ನಮ್ಮ ಕರ್ನಾಟಕದ ಅಂಕೋಲೆಯಲ್ಲೂ ಅದೇ ವರ್ಷ ಜನರು ಉಪ್ಪಿನ ಸತ್ಯಾಗ್ರಹ ಮಾಡಿದರು. ಲೋಕದ ಅತಿ ದೊಡ್ಡ ಸಾಮ್ರಾಜ್ಯದ ಎದುರು ಹಿಡಿ ಉಪ್ಪು! ಅವರೂ ಬಲಿಷ್ಠರ ಆಟವನ್ನು ಆಡಲಿಲ್ಲ, ಬಂದೂಕಿಗೆ ಬಂದೂಕು ಎತ್ತಲಿಲ್ಲ. ಕೈ ಕೈ ಹಿಡಿದು ನಿಂತರು. 1947ರಲ್ಲಿ ನಾವು ಗೆದ್ದೆವು. ಗೆದ್ದ ಮೇಲೆ ನಮಗಿಂತ ಸಣ್ಣವರನ್ನು ನಾವು ಹೇಗೆ ನೋಡುತ್ತಿದ್ದೇವೆ? ಧ್ವಜವಂದನೆ ಮಾಡುವಾಗ ಈ ಪ್ರಶ್ನೆಯೂ ನಮ್ಮ ಜೊತೆಗೆ ನಿಂತಿರಲಿ.

ಪ್ರಿಯರೇ, ಇಂದು ಇಲ್ಲಿ ಕುಳಿತವರಲ್ಲಿ ಎರಡು ಬಗೆಯವರಿದ್ದೀರಿ. ಬಲಿಷ್ಠರ ಎದುರು ಸೋತು ದಣಿದು ಬಂದವರಿದ್ದೀರಿ. ನಿಮಗೆ ಮಾತೆ ಹೇಳುವುದಿಷ್ಟು: ಹೆದರಬೇಡಿ, ಒಬ್ಬೊಬ್ಬರೇ ಹೋಗಬೇಡಿ, ಕೈ ಹಿಡಿದುಕೊಳ್ಳಿ. ನಮ್ಮ ಸ್ವಸಹಾಯ ಸಂಘಗಳು, ನಮ್ಮ ಕಿರು ಕ್ರೈಸ್ತ ಸಮುದಾಯಗಳು, ಮನೆಯಲ್ಲಿ ಕೂಡಿ ಹೇಳುವ ಜಪಸರ, ಇವೆಲ್ಲ ಕೈಗೆ ಕೈ ಕೊಡುವ ಸರಪಳಿಗಳೇ. ಕೈ ಬಿಡಬೇಡಿ.

ಇನ್ನು ಕೆಲವರು ದೇವರ ದಯೆಯಿಂದ ಮೇಲೆ ಬಂದಿದ್ದೀರಿ. ಅಪ್ಪ ಕೂಲಿ ಮಾಡಿದರು, ಮಗನಿಗೆ ಇಂದು ಮನೆಯಿದೆ, ಗಾಡಿಯಿದೆ, ಕೈಕೆಳಗೆ ನಾಲ್ಕು ಜನರಿದ್ದಾರೆ. ನಿಮಗೂ ನಮಗೂ ಮಾತೆ ಕೇಳುವ ಪ್ರಶ್ನೆ ಬೇರೆ. ನಿಮ್ಮ ಮೇಜಿನ ಆ ಕಡೆ ಯಾರು ನಿಂತಿದ್ದಾರೆ? ಮನೆಗೆಲಸಕ್ಕೆ ಬರುವ ಹೆಣ್ಣುಮಗಳೇ? ಆಸ್ತಿಯಲ್ಲಿ ಪಾಲು ಕೇಳಲು ಸಂಕೋಚಪಡುವ ತಂಗಿಯೇ? ಬೇಲಿ ಒತ್ತಿದರೂ ಜಗಳವಾಡಲಾರದ ಪಕ್ಕದ ಮನೆಯವರೇ? ಮನೆಗೆ ಬಂದ ಸೊಸೆಯೇ, ವಯಸ್ಸಾದ ಅತ್ತೆಯೇ? ಈ ವಾರದೊಳಗೆ ಅಂಥ ಒಬ್ಬರ ಬಳಿಗೆ ಹೋಗಿ. ಅವರನ್ನು ಮೊದಲು ಕೂರಿಸಿ, ನೋವಾಯಿತೇ ಎಂದು ಕೇಳಿ. ಅವರ ದಾರಿ ಎಲ್ಲಾದರೂ ನಮ್ಮ ಗೋಡೆಯಿಂದ ಮುಚ್ಚಿದ್ದರೆ ತೆರೆಯಿರಿ. ತೆರೆಯುವಾಗ ನಮ್ಮಂತೆ ಮೂರು ಅಡಿ ಅಳೆಯಬೇಡಿ, ಅಗಲವಾಗಿ ತೆರೆಯಿರಿ.

ಈಗ ನಾವು ಬಲಿಪೂಜೆಯನ್ನು ಮುಂದುವರಿಸೋಣ. ಪರಮಪ್ರಸಾದ ಸ್ವೀಕರಿಸಲು ಎಲ್ಲರೂ ಒಂದೇ ಸಾಲಿನಲ್ಲಿ ಬರುತ್ತೇವೆ. ಜಮೀನುದಾರರಿಗೊಂದು, ಕೂಲಿಯವರಿಗೊಂದು ಸಾಲು ಇಲ್ಲಿಲ್ಲ. ಆ ಸಾಲಿನಲ್ಲಿ ನಡೆದು ಬರುವಾಗ ನಮ್ಮ ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಎಂದು ಒಮ್ಮೆ ಪ್ರೀತಿಯಿಂದ ನೋಡೋಣ.

ಸ್ವರ್ಗದ ಮಹಿಮೆಯಲ್ಲಿರುವ ಮಾತೆಯೇ, ದೀನರನ್ನು ಮೇಲೆತ್ತುವ ದೇವರನ್ನು ಕೊಂಡಾಡಿದವರೇ, ನಾವು ಸೋತಾಗ ನಮ್ಮ ಕೈ ಹಿಡಿಯಿರಿ, ಗೆದ್ದಾಗ ನಮ್ಮ ತಲೆ ಬಾಗಿಸಿರಿ. ನಾವು ನಕ್ಕು ನೋಯಿಸಿದವರ ಕ್ಷಮೆಯನ್ನು ನಮಗೆ ದೊರಕಿಸಿಕೊಡಿರಿ. ನಮ್ಮ ನಾಡನ್ನೂ ನಮ್ಮ ಮನೆಗಳನ್ನೂ ಹರಸಿರಿ. ನಮ್ಮ ಪ್ರಭುವಾದ ಕ್ರಿಸ್ತರ ಮುಖಾಂತರ ಬೇಡಿಕೊಳ್ಳುತ್ತೇವೆ. ಆಮೆನ್.